ರನ್ನನ ರಣಭೂಮಿಯೂ ಗೆಟ್ಟಿಸ್‌ಬರ್ಗ್ ಬಯಲೂ

ನಮ್ಮ ಗಡಿನಾಡಿನ ಕನ್ನಡ ಶಾಲೆಗಳಲ್ಲಿ ಒಂದೇ ವಿಷಯವನ್ನು ಕಲಿಸಿ ನಿವೃತ್ತನಾಗುವ ಭಾಗ್ಯ ಶಿಕ್ಷಕನಿಗೆ ಇರುವುದಿಲ್ಲ. ಜತ್ತ ತಾಲ್ಲೂಕಿನ ಹಳ್ಳಿಯೊಂದರ ಪ್ರೌಢಶಾಲೆಯಲ್ಲಿ ನಾನು ಮೂವತ್ತಮೂರು ವರ್ಷ ಕನ್ನಡವನ್ನೂ ಇತಿಹಾಸವನ್ನೂ ಕಲಿಸಿದೆ. ಬೆಳಗಿನ ಅವಧಿಯಲ್ಲಿ ರನ್ನನ ‘ಗದಾಯುದ್ಧ’ದ ಭಾಗ, ಮಧ್ಯಾಹ್ನದ ಅವಧಿಯಲ್ಲಿ ಪಾಣಿಪತ್ತಿನ ಮೂರು ಕದನಗಳು. ಪಾಣಿಪತ್ತಿಗೆ ಫಲಕದ ಮೇಲೆ ಕಾರಣ, ಘಟನೆ, ಪರಿಣಾಮ ಎಂದು ಮೂರು ಶೀರ್ಷಿಕೆ ಬರೆದು, ಇಸವಿಗಳ ಕೆಳಗೆ ಗೆರೆ ಎಳೆದರೆ ಪಾಠ ಮುಗಿಯುತ್ತಿತ್ತು. ಬೆಳಗ್ಗೆ ದುರ್ಯೋಧನನ ವಿಲಾಪಕ್ಕೆ ಕಣ್ಣೀರು ತಂದುಕೊಂಡ ಮಕ್ಕಳೇ ಮಧ್ಯಾಹ್ನ ಪಾಣಿಪತ್ತಿನಲ್ಲಿ ಸತ್ತವರ ಸಂಖ್ಯೆಯನ್ನು ಗುಣಾಕಾರದ ಮಗ್ಗಿಯಂತೆ ಒಪ್ಪಿಸುತ್ತಿದ್ದರು. ಈ ಎರಡು ಪಾಠಗಳ ನಡುವೆ ಏನಾದರೂ ಸಂಬಂಧವುಂಟೇ ಎಂದು ಅವರೂ ಕೇಳಲಿಲ್ಲ, ನಾನೂ ಕೇಳಿಕೊಳ್ಳಲಿಲ್ಲ. ಆ ಪ್ರಶ್ನೆ ನನಗೆ ಎದುರಾದದ್ದು ಎಪ್ಪತ್ತು ದಾಟಿದ ಮೇಲೆ, ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಗೆಟ್ಟಿಸ್‌ಬರ್ಗ್ ಎಂಬ ಊರಿನ ಬಯಲಿನಲ್ಲಿ.

ಮಗನ ಮನೆಗೆ ಹೋದ ತಂದೆತಾಯಿಗಳನ್ನು ರಜೆಯ ದಿನ ಎಲ್ಲಿಗಾದರೂ ಕರೆದೊಯ್ಯುವುದು ವಾಡಿಕೆಯಷ್ಟೆ. ಹಾಗೆ ನಾವು ಆ ರಣಭೂಮಿ ಉದ್ಯಾನವನ್ನು ನೋಡಲು ಹೋದೆವು. ಕಾರಿನಲ್ಲಿ ಹನ್ನೆರಡು ವರ್ಷದ ಮೊಮ್ಮಗ ನನ್ನನ್ನು ಕೇಳಿದ: “ಅಜ್ಜ, ನೀವು ಯಾವ ಸೈಡ್?” ನನಗೆ ಒಡನೆ ಉತ್ತರ ಹೊಳೆಯಲಿಲ್ಲ. ಈ ಲೇಖನ ಆ ಪ್ರಶ್ನೆಗೆ ತಡವಾಗಿ ಬರೆದ ಉತ್ತರ. ಪ್ರವಾಸಕಥನ ಬರೆಯುವುದು ನನ್ನ ಉದ್ದೇಶವಲ್ಲ. ಒಂದು ರಣಭೂಮಿಯನ್ನು ಸ್ಮಾರಕವನ್ನಾಗಿ ಮಾಡಿದಾಗ ಅದೂ ಒಂದು ಕೃತಿಯೇ ಆಗುತ್ತದೆ. ಅದಕ್ಕೆ ಕರ್ತೃಗಳಿದ್ದಾರೆ, ವಸ್ತುವಿದೆ, ರಸವಿದೆ, ಹೇಳಿದ್ದೂ ಬಿಟ್ಟದ್ದೂ ಇದೆ. ಆದ್ದರಿಂದ ಅದನ್ನು ವಿಮರ್ಶಿಸಬಹುದು. ನನ್ನ ಕೈಯಲ್ಲಿರುವ ಅಳತೆಗೋಲು ರನ್ನ ಕೊಟ್ಟದ್ದು.

ಹತ್ತನೆಯ ಶತಮಾನದ ಈ ಕವಿಚಕ್ರವರ್ತಿ ನಮಗೆ ದೂರದವನಲ್ಲ. ಅವನು ಹುಟ್ಟಿದ ಮುಧೋಳ ನಮ್ಮ ನೆರೆಯ ಸೀಮೆಯೇ. ಬಳೆಗಾರರ ಮನೆಯಲ್ಲಿ ಹುಟ್ಟಿ ಚಾಲುಕ್ಯರ ಆಸ್ಥಾನಕ್ಕೇರಿದವನು. ಭಾರತಯುದ್ಧದ ಕೊನೆಯ ಘಟ್ಟವನ್ನು ಹಿಡಿದು, ನಡೆದುದೆಲ್ಲವನ್ನೂ ಸಿಂಹಾವಲೋಕನ ಕ್ರಮದಿಂದ ಹಿಂದಿರುಗಿ ನೋಡುವುದು ‘ಗದಾಯುದ್ಧ’ದ ಕಟ್ಟು. ಈ ಕಾವ್ಯದ ಹೃದಯವೆಂದು ನಾನು ತಿಳಿದಿರುವುದು ಗದೆಗಳ ಕಾಳಗವನ್ನಲ್ಲ, ಅದಕ್ಕೆ ಮುಂಚಿನ ಒಂದು ನಡಿಗೆಯನ್ನು. ಸೈನ್ಯವನ್ನೆಲ್ಲ ಕಳೆದುಕೊಂಡ ದುರ್ಯೋಧನ ಭೀಷ್ಮರನ್ನು ಕಾಣಲು ಸಂಜಯನೊಡನೆ ಹೆಣಗಳ ನಡುವೆ ನಡೆಯುತ್ತಾನೆ. ದ್ರೋಣನ ಬಳಿ ನಿಲ್ಲುತ್ತಾನೆ. ಶತ್ರುವಿನ ಮಗ ಅಭಿಮನ್ಯುವಿನ ಬಳಿ ನಿಂತು ಕೈಮುಗಿಯುತ್ತಾನೆ. ತನ್ನ ಮಗ ಲಕ್ಷಣಕುಮಾರನ ಬಳಿ ನಿಂತಾಗ, ಮಗ ತಂದೆಗೆ ಬಿಡಬೇಕಾದ ನೀರನ್ನು ತಂದೆ ಮಗನಿಗೆ ಬಿಡಬೇಕಾಯಿತಲ್ಲಾ ಎಂದು ಕೊರಗುತ್ತಾನೆ. ದುಶ್ಶಾಸನನ ಬಳಿ, ಕರ್ಣನ ಬಳಿ ನಿಲ್ಲುತ್ತಾನೆ. ಕನ್ನಡಿಗರಿಗೆ ರಣಭೂಮಿಯನ್ನು ಹೀಗೆ ಸುತ್ತಿ ತೋರಿಸಿದವನು ಸೋತ ಅರಸ. ವ್ಯಾಸಭಾರತದಲ್ಲಿ ದೂರದಿಂದ ಯುದ್ಧವನ್ನು ವರದಿ ಮಾಡುವ ಸಂಜಯ ಇಲ್ಲಿ ಹೆಣಗಳ ನಡುವೆ ಜೊತೆಗಾರನಾಗಿ ನಡೆಯುತ್ತಾನೆ. ರಣಭೂಮಿ ನೋಡಲು ಹೋದವನ ಕಾಲು ಸತ್ತವನೊಬ್ಬನ ಬಳಿ ನಿಲ್ಲುತ್ತದೆಯೇ? ರನ್ನನಿಂದ ನಾನು ಕಲಿತ ಮೊದಲ ಪರೀಕ್ಷೆ ಇದು. ಎರಡನೆಯದನ್ನು ಮುಂದೆ ಹೇಳುತ್ತೇನೆ.

ಗೆಟ್ಟಿಸ್‌ಬರ್ಗ್‌ನ ಕಥೆಯನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ. ಕರಿಯರನ್ನು ಗುಲಾಮರಾಗಿ ಇಟ್ಟುಕೊಳ್ಳುವ ಪದ್ಧತಿಯನ್ನು ಉಳಿಸಿಕೊಳ್ಳಲು ದಕ್ಷಿಣದ 11 ರಾಜ್ಯಗಳು ಒಕ್ಕೂಟದಿಂದ ಸಿಡಿದು ಹೋದಾಗ 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆಯಿತು. ದಕ್ಷಿಣದ ಸೇನಾಪತಿ ರಾಬರ್ಟ್ ಲೀ ಉತ್ತರದ ನೆಲಕ್ಕೆ ನುಗ್ಗಿದ. ಜಾರ್ಜ್ ಮೀಡ್‌ನ ಸೈನ್ಯ ಅವನನ್ನು ಇಲ್ಲಿ ಎದುರಿಸಿತು. 1863ರ ಜುಲೈ 1, 2, 3, ಈ ಮೂರು ದಿನಗಳಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ಜನ ಹೋರಾಡಿದರು. ಸತ್ತವರು, ಗಾಯಗೊಂಡವರು, ಸೆರೆಯಾದವರು, ಕಾಣೆಯಾದವರು ಸೇರಿ ಎರಡೂ ಕಡೆಯ ನಷ್ಟ ಸುಮಾರು 51,000. ಊರಿನಲ್ಲಿ ಆಗ ಇದ್ದ ಜನ ಸುಮಾರು 2,400. ಲೀ ಸೋತು ಹಿಂದಿರುಗಿದ.

1895ರಲ್ಲಿ ಈ ನೆಲವನ್ನು ರಾಷ್ಟ್ರೀಯ ಸೈನಿಕ ಉದ್ಯಾನವೆಂದು ಘೋಷಿಸಿದರು. ಇಂದು ಸುಮಾರು 6,000 ಎಕರೆ ಬಯಲು, ದಿಬ್ಬ, ತೋಟಗಳಲ್ಲಿ 1,300ಕ್ಕೂ ಹೆಚ್ಚು ಸ್ಮಾರಕಗಳೂ ಗುರುತುಕಲ್ಲುಗಳೂ ಇವೆ. 1915ರಿಂದಲೂ ಇಲ್ಲಿ ಪರೀಕ್ಷೆ ಕೊಟ್ಟು ಪರವಾನಗಿ ಪಡೆದ ಮಾರ್ಗದರ್ಶಕರಿದ್ದಾರೆ. ಒಂದು ವಿಶೇಷವೆಂದರೆ ಅವರು ನಿಮ್ಮ ಕಾರನ್ನೇ ತಾವು ನಡೆಸುತ್ತ ಎರಡು ಗಂಟೆ ಕಥೆ ಹೇಳುತ್ತಾರೆ. ನಮ್ಮ ಕಾರಿನ ಚಾಲಕನ ಸ್ಥಾನದಲ್ಲಿ ಕುಳಿತ ಹಿರಿಯರನ್ನು ಕಂಡು ನಾನು ಮನಸ್ಸಿನಲ್ಲೇ ‘ಸಂಜಯ ಬಂದ’ ಎಂದುಕೊಂಡೆ.

ನಮ್ಮ ಸಂಜಯ ಬಲ್ಲವರು. ಯಾವ ದಳ ಯಾವ ಗಂಟೆಗೆ ಯಾವ ಬೇಲಿಯ ಹಿಂದೆ ಇತ್ತು ಎಂಬುದು ಅವರ ನಾಲಿಗೆಯ ತುದಿಯಲ್ಲಿತ್ತು. ಅಲ್ಲಿಯ ಕಲ್ಲುಗಳ ಭಾಷೆಯೂ ಅದೇ. ಬಹುಪಾಲು ಕಲ್ಲುಗಳನ್ನು ನಿಲ್ಲಿಸಿದವರು ಬದುಕುಳಿದ ಸೈನಿಕರೇ. ತಮ್ಮ ದಳ ನಿಂತ ಜಾಗದಲ್ಲಿ ಒಂದು ಸ್ಮಾರಕ, ಸಾಲಿನ ಎಡಬಲ ತುದಿಗಳಿಗೆ ಒಂದೊಂದು ಚಿಕ್ಕ ಕಲ್ಲು. ನೋಯುವವನು ತನ್ನ ನೋವಿನ ಜಾಗವನ್ನು ಬೆರಳಿಟ್ಟು ತೋರಿಸಿದಂತೆ ಅದು. ಒಂದು ಕಲ್ಲಿನ ಮುಂದೆ ನಿಂತರೆ ಮನ ಕರಗುತ್ತದೆ. ಆದರೆ ಸಾವಿರ ಕಲ್ಲುಗಳ ನಡುವೆ ಕಾರು ಹಾಯ್ದು ಹೋದರೆ ಅದು ನಾನು ಫಲಕದ ಮೇಲೆ ಬರೆಯುತ್ತಿದ್ದ ಟಿಪ್ಪಣಿಯೇ ಆಗುತ್ತದೆ. ಎಲ್ಲಿ, ಯಾವಾಗ, ಎಷ್ಟು ಎಂಬುದು ತಿಳಿಯುತ್ತದೆ. ಯಾರು ಎಂಬುದು ತಿಳಿಯುವುದಿಲ್ಲ. ಕುದುರೆಯ ಮೇಲೆ ಕುಳಿತ ಸೇನಾಪತಿಗಳ ಕಂಚಿನ ಪ್ರತಿಮೆಗಳಂತೂ ಕಣ್ಣನ್ನು ಮೇಲಕ್ಕೆತ್ತಿಸುತ್ತವೆ. ಸತ್ತವರು ಇರುವುದು ಕೆಳಗೆ.

ವಸ್ತುಸಂಗ್ರಹಾಲಯದ ಕಟ್ಟಡದಲ್ಲಿ ‘ಸೈಕ್ಲೊರಾಮಾ’ ಎಂಬ ದುಂಡನೆಯ ಮಹಾಚಿತ್ರವಿದೆ. ಫ್ರೆಂಚ್ ಕಲಾವಿದ ಪಾಲ್ ಫಿಲಿಪೊಟೊ ಮತ್ತು ಅವನ ತಂಡ 1884ರಲ್ಲಿ ಬಿಡಿಸಿ ಮುಗಿಸಿದ ಈ ಚಿತ್ರದ ಸುತ್ತಳತೆ 377 ಅಡಿ, ಎತ್ತರ 42 ಅಡಿ. ನಡುವೆ ನಿಂತವನ ಸುತ್ತ ಮೂರನೆಯ ದಿನದ ಆಕ್ರಮಣ ಧಗಧಗಿಸುತ್ತದೆ. ಬೆಳಕು ಮಿನುಗುತ್ತದೆ, ಫಿರಂಗಿಯ ಸದ್ದು ಮೊಳಗುತ್ತದೆ. ಕಲೆಯ ದೃಷ್ಟಿಯಿಂದ ಅದು ಅದ್ಭುತ. ಮೊಮ್ಮಗ ಕಣ್ಣೆವೆ ಮುಚ್ಚದೆ ನೋಡಿದ. ನಾನೂ ನೋಡಿದೆ, ಸಂತೋಷಪಟ್ಟೆ. ಪಟ್ಟ ಮೇಲೆ ನಾಚಿಕೊಂಡೆ. ದೂರದ ಬೆಟ್ಟ ನುಣ್ಣಗೆ ಕಾಣುವಂತೆ ದೂರದ ಯುದ್ಧ ರಮ್ಯವಾಗಿ ಕಾಣುತ್ತದೆ. ಇಲ್ಲಿ ನೋಡುಗ ಎಲ್ಲದರ ನಡುವೆ ನಿಂತಿದ್ದಾನೆ, ಆದರೆ ಅವನ ಕಾಲಿಗೆ ಒಂದು ಹೆಣವೂ ತಾಗುವುದಿಲ್ಲ. ರನ್ನ ದುರ್ಯೋಧನನನ್ನು ನಡೆಸಿದ ದಾರಿಯಲ್ಲಿ ಅಂಥ ರಿಯಾಯಿತಿ ಇಲ್ಲ. ಅಲ್ಲಿ ಮರುಳುಗಳು ಕೂಡ ಅರಸನನ್ನು ಹಂಗಿಸುತ್ತವೆ.

ಅಲ್ಲಿಂದ ‘ದೆವ್ವದ ಗುಹೆ’ ಎಂಬ ಅರ್ಥದ ಹೆಸರುಳ್ಳ ಹೆಬ್ಬಂಡೆಗಳ ರಾಶಿಗೆ ಹೋದೆವು. ಬಂಡೆಗಳ ನಡುವೆ ಸತ್ತು ಬಿದ್ದ ಒಬ್ಬ ದಕ್ಷಿಣದ ಸೈನಿಕ, ಪಕ್ಕದಲ್ಲಿ ಒರಗಿಸಿದ ಬಂದೂಕು: ಅಲೆಕ್ಸಾಂಡರ್ ಗಾರ್ಡ್ನರ್‌ನ ತಂಡ ತೆಗೆದ ಈ ಛಾಯಾಚಿತ್ರ ಲೋಕಪ್ರಸಿದ್ಧ. ನೂರಕ್ಕೂ ಹೆಚ್ಚು ವರ್ಷಗಳ ತರುವಾಯ ವಿಲಿಯಂ ಫ್ರಾಸನಿಟೊ ಎಂಬ ಸಂಶೋಧಕ ಚಿತ್ರಗಳನ್ನು ಒಂದಕ್ಕೊಂದು ಹೋಲಿಸಿ, ಅದೇ ಹೆಣ ಬೇರೊಂದು ಜಾಗದಲ್ಲಿಯೂ ಕಾಣಿಸುತ್ತದೆ, ಚಿತ್ರ ಚೆನ್ನಾಗಿ ಬರಲೆಂದು ಅದನ್ನು ಇಲ್ಲಿಗೆ ಹೊತ್ತು ತಂದಿದ್ದಾರೆ ಎಂದು ತೋರಿಸಿದ. ಬಂದೂಕೂ ಅವರು ಇಟ್ಟದ್ದೇ. ಕವಿಯೂ ಕಲ್ಪಿಸುತ್ತಾನಲ್ಲ ಎಂದು ಕೇಳಬಹುದು. ಕವಿ ಕಲ್ಪಿಸುತ್ತೇನೆಂದು ಹೇಳಿಯೇ ಕಲ್ಪಿಸುತ್ತಾನೆ. ಇಲ್ಲಿಯೋ, ನಿಜವೆಂದು ಹೇಳಿ ಒಬ್ಬ ತಾಯಿಯ ಮಗನನ್ನು ಸಾಮಾನಿನಂತೆ ಎತ್ತಿಟ್ಟರು. ಈಗ ಆ ಬಂಡೆಗಳ ನಡುವೆ ನಿಂತು ಪ್ರವಾಸಿಗಳು ತಮ್ಮ ಚಿತ್ರ ತೆಗೆಸಿಕೊಳ್ಳುತ್ತಾರೆ. ನಾವೂ ತೆಗೆಸಿಕೊಂಡೆವು. ಮರೆಮಾಚುವುದೇಕೆ?

ನನ್ನ ಕಾಲು ಮೊದಲ ಬಾರಿಗೆ ನಿಂತದ್ದು ಮೂರನೆಯ ದಿನದ ಬಯಲಿನಲ್ಲಿ. ಅಲ್ಲಿ ಕಾರಿಗೆ ದಾರಿಯಿಲ್ಲ. ಹುಲ್ಲಿನ ನಡುವೆ ನಡೆಯಬೇಕು. ಜುಲೈ 3ರ ಮಧ್ಯಾಹ್ನ ಸುಮಾರು 12,500 ದಕ್ಷಿಣದ ಸೈನಿಕರು ಮರೆಯಿಲ್ಲದ ಈ ಬಯಲನ್ನು ದಾಟಿ ಎದುರಿನ ಏರಿಯತ್ತ ನಡೆದರು. ಅಂತರ ಒಂದು ಮೈಲಿಗಿಂತ ತುಸು ಕಡಿಮೆ. ಒಂದು ಗಂಟೆಯೊಳಗೆ ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಸತ್ತರು, ಗಾಯಗೊಂಡರು, ಇಲ್ಲವೆ ಸೆರೆಯಾದರು. ನನ್ನ ಮಂಡಿ ನೋವಿನಿಂದಾಗಿ ನಾನು ಆ ದೂರವನ್ನು ಮೆಲ್ಲಗೆ ನಡೆದೆ. ನಡುದಾರಿಯಲ್ಲಿ ಹಿಂದಿರುಗಿ ನೋಡಿದರೆ ಹೊರಟ ಮರಗಳೂ ದೂರ, ಮುಂದಿನ ಕಲ್ಲುಗೋಡೆಯೂ ದೂರ. ಯಾವ ಫಲಕವೂ ಹೇಳದುದನ್ನು ಆ ಬರಿ ಬಯಲು ಹೇಳಿತು. ಸ್ಮಾರಕ ಕಟ್ಟುವವರು ಖಾಲಿ ಬಿಟ್ಟ ಜಾಗವೇ ಅಲ್ಲಿಯ ಶ್ರೇಷ್ಠ ರಚನೆ ಎಂಬುದು ನನ್ನ ಅಭಿಪ್ರಾಯ.

ಗೋಡೆಯ ಆಚೆ ಒಂದು ತೆರೆದ ಪುಸ್ತಕದಾಕಾರದ ಕಂಚಿನ ಸ್ಮಾರಕವಿದೆ. ಅದರ ಪುಟಗಳಲ್ಲಿ ಆಕ್ರಮಣ ಮಾಡಿದ, ಅದನ್ನು ತಡೆದ ದಳಗಳ ಹೆಸರುಗಳಿವೆ. ಆ ಪುಸ್ತಕದಲ್ಲಿ ಇಲ್ಲದ ಹೆಸರೊಂದು ಸ್ವಲ್ಪ ದೂರದಲ್ಲೇ ಇದೆ. ಏರಿಯ ಮೇಲಿನ ಆ ಚಿಕ್ಕ ಬಿಳಿಯ ಮನೆಯೂ ಹನ್ನೆರಡು ಎಕರೆ ಹೊಲವೂ ಏಬ್ರಹಾಂ ಬ್ರಯನ್ ಎಂಬ ಸ್ವತಂತ್ರ ಕರಿಯ ರೈತನದಾಗಿತ್ತು. ದಕ್ಷಿಣದ ಸೈನ್ಯ ಬರುತ್ತದೆಂದು ತಿಳಿದೊಡನೆ ಅವನ ಕುಟುಂಬ ಊರು ಬಿಟ್ಟಿತು. ಏಕೆಂದರೆ ಆ ಸೈನಿಕರು ಪೆನ್ಸಿಲ್ವೇನಿಯಾದಲ್ಲಿ ಕೈಗೆ ಸಿಕ್ಕ ಕರಿಯರನ್ನು, ಸ್ವತಂತ್ರರೆಂದು ಕೂಡ ನೋಡದೆ, ಹಿಡಿದು ದಕ್ಷಿಣಕ್ಕೆ ಅಟ್ಟುತ್ತಿದ್ದರು. ಬ್ರಯನ್ ಹಿಂದಿರುಗಿದಾಗ ಮನೆಗೆ ಗುಂಡಿನ ತೂತುಗಳು, ಹೊಲದಲ್ಲಿ ಗೋರಿಗಳು. ಸಾವಿರ ಡಾಲರಿಗೂ ಮಿಕ್ಕ ನಷ್ಟಕ್ಕೆ ಅರ್ಜಿ ಕೊಟ್ಟವನಿಗೆ ಸರ್ಕಾರದಿಂದ ದೊರೆತದ್ದು 15 ಡಾಲರು. ಯುದ್ಧ ಯಾವುದಕ್ಕಾಗಿ ನಡೆಯಿತು ಎಂಬುದನ್ನು ತಿಳಿಯಲು ಕುದುರೆಯ ಪ್ರತಿಮೆಗಳಿಗಿಂತ ಈ ಮನೆ ಮುಖ್ಯ. ನಮ್ಮ ಮಾರ್ಗದರ್ಶಕರು ಅದನ್ನು ಬೆರಳು ತೋರಿಸಿ ಹೇಳಿದರು, ಆದರೆ ಕಾರು ನಿಲ್ಲಿಸಲಿಲ್ಲ. ಆಮೇಲೆ ನಾವೇ ನಡೆದು ಹೋಗಿ ನೋಡಿಬಂದೆವು.

ರನ್ನನಿಂದ ಪಡೆದ ಎರಡನೆಯ ಪರೀಕ್ಷೆಯನ್ನು ಹೇಳಬೇಕಾದ ಸ್ಥಳ ಇದು. 1913ರಲ್ಲಿ, ಯುದ್ಧದ ಐವತ್ತನೆಯ ವರ್ಷ, 50,000ಕ್ಕೂ ಹೆಚ್ಚು ಮುದಿ ಸೈನಿಕರು ಇಲ್ಲಿ ಸೇರಿ, ಅದೇ ಕಲ್ಲುಗೋಡೆಯ ಮೇಲೆ ಕೈಚಾಚಿ ಹಿಂದಿನ ಶತ್ರುವಿನ ಕೈಕುಲುಕಿದರು. 1938ರಲ್ಲಿ ಅಧ್ಯಕ್ಷ ರೂಸ್‌ವೆಲ್ಟ್ ಶಾಶ್ವತ ಶಾಂತಿಯ ಜ್ಯೋತಿಯನ್ನು ಉದ್ಘಾಟಿಸಿದರು. ಕೈಕುಲುಕುವ ಮುದುಕರ ಚಿತ್ರ ಕಂಡರೆ ಯಾರ ಕಣ್ಣಾದರೂ ಒದ್ದೆಯಾದೀತು. ಆದರೆ ಆ ವರ್ಷಗಳಲ್ಲಿ ದಕ್ಷಿಣದ ಕರಿಯರಿಗೆ ಶಾಲೆ ಬೇರೆ, ರೈಲಿನ ಡಬ್ಬಿ ಬೇರೆ, ಮತದಾನಕ್ಕೆ ನೂರು ಅಡ್ಡಿ. ಇಬ್ಬರು ಅಣ್ಣತಮ್ಮಂದಿರು ರಾಜಿಯಾದರು, ಯಾರಿಗೆ ಅನ್ಯಾಯವಾಗಿತ್ತೋ ಅವರನ್ನು ಆ ರಾಜಿಗೆ ಕರೆಯಲೇ ಇಲ್ಲ.

ರನ್ನ ಹೀಗೆ ಮಾಡಲಿಲ್ಲ. ದುರ್ಯೋಧನನಿಗಾಗಿ ಓದುಗನನ್ನು ಅಳಿಸುವ ಮುನ್ನ ಅವನು ದ್ರೌಪದಿಯನ್ನು ಭೀಮನ ಮುಂದೆ ನಿಲ್ಲಿಸುತ್ತಾನೆ. ಬಿಚ್ಚಿದ ಅವಳ ಮುಡಿ, ಅವಳ ನೆನಪು, ಅವಳ ಕೋಪ ಕಾವ್ಯದ ಮೊದಲಲ್ಲೇ ಇವೆ. ಕೊನೆಗೆ ಆ ಮುಡಿ ಕಟ್ಟುವವರೆಗೆ ಅವಳನ್ನು ಕವಿ ಮರೆಯುವುದಿಲ್ಲ. ದುರ್ಯೋಧನನ ಘನತೆಯನ್ನು ಕಂಡ ನಮ್ಮ ಹಿರಿಯ ವಿಮರ್ಶಕರು ಅವನನ್ನು ರುದ್ರನಾಯಕನೆಂದರು. ಬಿ.ಎಂ. ಶ್ರೀಕಂಠಯ್ಯನವರು ಈ ಕಾವ್ಯವನ್ನು ‘ಗದಾಯುದ್ಧ ನಾಟಕ’ವಾಗಿ ರೂಪಿಸಿದರು. ಆದರೆ ಅವನ ಘನತೆ ಅವನ ಅಪರಾಧವನ್ನು ಅಳಿಸುವುದಿಲ್ಲ. ಅವನ ಅಪರಾಧ ಅವನ ದುಃಖವನ್ನು ಸುಳ್ಳಾಗಿಸುವುದೂ ಇಲ್ಲ. ಎರಡನ್ನೂ ಒಂದೇ ಕಾವ್ಯದಲ್ಲಿ ಹಿಡಿದದ್ದು ರನ್ನನ ದೊಡ್ಡತನ. ಗೆಟ್ಟಿಸ್‌ಬರ್ಗ್ ಬಹುಕಾಲ ದ್ರೌಪದಿಯನ್ನು ಮರೆತು ದುರ್ಯೋಧನನನ್ನು ಅಪ್ಪಿಕೊಂಡಿತು. 2008ರಲ್ಲಿ ತೆರೆದ ಹೊಸ ವಸ್ತುಸಂಗ್ರಹಾಲಯ ಈ ಕೊರತೆಯನ್ನು ತುಂಬಲು ಯತ್ನಿಸಿದೆ. ಗುಲಾಮಗಿರಿಯೇ ಯುದ್ಧದ ಮೂಲವೆಂಬುದನ್ನು ಅದು ಮರೆಮಾಚುವುದಿಲ್ಲ. ತನ್ನ ತಪ್ಪನ್ನು ತಾನೇ ತಿದ್ದಿ ಬರೆಯಬಲ್ಲ ಸ್ಮಾರಕಕ್ಕೆ ಅಷ್ಟರ ಮಟ್ಟಿನ ಗೌರವ ಸಲ್ಲಬೇಕು.

ರನ್ನನನ್ನೂ ಇಲ್ಲಿ ಪ್ರಶ್ನಿಸದೆ ಬಿಡುವುದು ನ್ಯಾಯವಲ್ಲ. ಅವನ ಅರಸ ನಿಲ್ಲುವುದು ಅರಸುಮಕ್ಕಳ, ಗುರುಗಳ, ಗೆಳೆಯನ ಬಳಿ. ಆನೆಕುದುರೆಗಳ ನಡುವೆ ಬಿದ್ದ ಕಾಲಾಳಿಗೆ ಅಲ್ಲಿ ಹೆಸರಿಲ್ಲ. ಆಸ್ಥಾನಕವಿಯಾಗಿ ಅವನು ತನ್ನ ದೊರೆ ಸತ್ಯಾಶ್ರಯನನ್ನೇ ಭೀಮನೆಂದು ಹೊಗಳಬೇಕಿತ್ತು. ಆ ಕಾಲಾಳಿನ ಲೆಕ್ಕದಲ್ಲಿ ಗೆಟ್ಟಿಸ್‌ಬರ್ಗ್ ರನ್ನನನ್ನು ಮೀರಿದ ಒಂದು ಜಾಗವಿದೆ. ಅದು ಸೈನಿಕರ ಸ್ಮಶಾನ.

ಅರ್ಧಚಂದ್ರದ ಸಾಲುಗಳಲ್ಲಿ ಅಲ್ಲಿ ಉತ್ತರದ 3,500ಕ್ಕೂ ಹೆಚ್ಚು ಸೈನಿಕರು ಮಲಗಿದ್ದಾರೆ. ನೆಲಮಟ್ಟದ ಒಂದೇ ಬಗೆಯ ಕಲ್ಲುಗಳು. ನನ್ನ ಮನೆಯವಳು ಬಹಳ ಹೊತ್ತು ಸುಮ್ಮನೆ ನೋಡಿ ಕೇಳಿದಳು: “ಇದರಾಗ ಸಾಹೇಬನ ಕಲ್ಲು ಯಾವುದ್ರೀ, ಸಿಪಾಯಿದು ಯಾವುದ್ರೀ?” ವ್ಯತ್ಯಾಸವಿರಲಿಲ್ಲ. ವಿಲಿಯಂ ಸಾಂಡರ್ಸ್ ಎಂಬ ಉದ್ಯಾನಶಿಲ್ಪಿ ಅಧಿಕಾರಿ, ಜವಾನ ಎಂಬ ಭೇದವಿಲ್ಲದಂತೆಯೇ ಅದನ್ನು ರೂಪಿಸಿದ್ದ. ಒಂದೆಡೆ ಹೆಸರು ತಿಳಿಯದವರಿಗಾಗಿ ಚಿಕ್ಕ ಚೌಕ ಕಲ್ಲುಗಳು. ಅವುಗಳ ಮೇಲೆ ಬರಿಯ ಅಂಕಿ. ಪಾಠದಲ್ಲಿ ಅಂಕಿಗಳನ್ನು ಬಾಯಿಪಾಠ ಮಾಡಿಸಿದವನು ನಾನು. ಒಂದು ಅಂಕಿಯ ಕೆಳಗೆ ಒಬ್ಬ ಮನುಷ್ಯನಿದ್ದಾನೆಂಬುದನ್ನು ಕಣ್ಣಾರೆ ಕಂಡದ್ದು ಅಲ್ಲಿ.

ಆ ಸ್ಮಶಾನವನ್ನು ಮೀಸಲಿಟ್ಟ ದಿನ, 1863ರ ನವೆಂಬರ್ 19ರಂದು, ಎಡ್ವರ್ಡ್ ಎವರೆಟ್ ಎಂಬ ಪ್ರಸಿದ್ಧ ವಾಗ್ಮಿ ಎರಡು ಗಂಟೆ ಮಾತನಾಡಿದ. ಅಧ್ಯಕ್ಷ ಲಿಂಕನ್ ಸುಮಾರು 270 ಪದಗಳಲ್ಲಿ ಮುಗಿಸಿದ. ಆ ಭಾಷಣದಲ್ಲಿ ಒಬ್ಬ ಸೇನಾಪತಿಯ ಹೆಸರಿಲ್ಲ, ಊರಿನ ಹೆಸರಿಲ್ಲ, ಶತ್ರುವಿನ ನಿಂದೆಯಿಲ್ಲ. ಗುಲಾಮಗಿರಿ ಎಂಬ ಪದವೂ ಇಲ್ಲ. ಆದರೆ ಮನುಷ್ಯರೆಲ್ಲ ಸಮಾನರೆಂಬ ಮಾತಿನಿಂದಲೇ ಅದು ಆರಂಭವಾಗುವುದರಿಂದ ನ್ಯಾಯ ಎತ್ತ ಇದೆಯೆಂಬುದರಲ್ಲಿ ಸಂದೇಹ ಉಳಿಯುವುದಿಲ್ಲ. ಸಭೆಗಳಲ್ಲಿ ಭಾಷಣ ಮಾಡುವ ನಮ್ಮಂಥವರು ಎವರೆಟ್‌ನ ಗತಿಯನ್ನು ನೆನೆದು ಎಚ್ಚರವಾಗಿರುವುದು ಒಳ್ಳೆಯದು.

ಹೆಣಗಳನ್ನು ಅಗೆದು ತೆಗೆದು ಆ ಸ್ಮಶಾನಕ್ಕೆ ಸಾಗಿಸಿದವರಲ್ಲಿ ಬೇಸಿಲ್ ಬಿಗ್ಸ್ ಎಂಬ ಕರಿಯ ರೈತನೂ ಅವನ ಆಳುಗಳೂ ಮುಖ್ಯರು. ಪಕ್ಕದಲ್ಲೇ ಊರವರ ಹಳೆಯ ಸ್ಮಶಾನವಿದೆ. ಯುದ್ಧದ ದಿನಗಳಲ್ಲಿ ಅದರ ಕಾವಲುಗಾರ ಸೈನ್ಯಕ್ಕೆ ಹೋಗಿದ್ದ. ಅವನ ಹೆಂಡತಿ ಎಲಿಜಬೆತ್ ಥಾರ್ನ್ ಆರು ತಿಂಗಳ ಬಸುರಿ. ಬೇಸಿಗೆಯ ಬಿಸಿಲಿನಲ್ಲಿ ಮುದಿ ತಂದೆಯೊಡನೆ ಅವಳು ನೂರಕ್ಕೂ ಹೆಚ್ಚು ಸೈನಿಕರಿಗೆ ಗುಂಡಿ ತೋಡಿದಳು. 2002ರಲ್ಲಿ ಅಲ್ಲಿ ಅವಳ ಪ್ರತಿಮೆಯನ್ನು ನಿಲ್ಲಿಸಿದ್ದಾರೆ: ಸಲಿಕೆಗೆ ಒರಗಿ, ಹೊಟ್ಟೆಯ ಮೇಲೆ ಕೈಯಿಟ್ಟು, ದಣಿದು ನಿಂತ ಬಸುರಿ. ಅಲ್ಲಿ ನನ್ನ ಮನೆಯವಳು ಚಪ್ಪಲಿ ಬಿಟ್ಟು ನಿಂತಳು. ನಾನು ನೋಡಿದ ಪ್ರತಿಮೆಗಳಲ್ಲಿ ರನ್ನನ ಪರೀಕ್ಷೆಯಲ್ಲಿ ಪೂರ್ತಿ ಉತ್ತೀರ್ಣವಾದದ್ದು ಇದೊಂದೇ. ಅಲ್ಲಿ ವೀರರಸಕ್ಕೆ ಆಸ್ಪದವೇ ಇಲ್ಲ. ಆದರೂ ಅವಳಿಗಿಂತ ವೀರರು ಆ ಬಯಲಿನಲ್ಲಿ ಯಾರಿದ್ದರೆಂದು ನನಗೆ ತಿಳಿಯದು.

ದಕ್ಷಿಣದ ಸೈನಿಕರಿಗೆ ಆ ಅರ್ಧಚಂದ್ರದಲ್ಲಿ ಜಾಗ ಕೊಡಲಿಲ್ಲ. ಬಿದ್ದ ಹೊಲಗಳಲ್ಲಿಯೇ ಹೂತಿದ್ದ ಅವರಲ್ಲಿ 3,000ಕ್ಕೂ ಹೆಚ್ಚು ಮಂದಿಯ ಅಸ್ಥಿಗಳನ್ನು 1870ರ ದಶಕದ ಮೊದಲ ವರ್ಷಗಳಲ್ಲಿ ಅಗೆದು ದಕ್ಷಿಣಕ್ಕೆ ಸಾಗಿಸಿದರು. ಅಭಿಮನ್ಯುವಿನ ಮುಂದೆ ಕೈಮುಗಿದ ದುರ್ಯೋಧನನನ್ನು ಓದಿದ ನನಗೆ ಇದು ಸಣ್ಣತನವಾಗಿ ಕಂಡಿತು. ಅವರು ಹಿಡಿದ ಪಕ್ಷ ತಪ್ಪಾಗಿತ್ತು. ಅವರ ತಾಯಂದಿರ ದುಃಖ ತಪ್ಪಾಗಿರಲಿಲ್ಲ.

ಮರಳಿ ಬರುವಾಗ ಮೊಮ್ಮಗನಿಗೆ ಉತ್ತರ ಕೊಟ್ಟೆ. ಯಾರು ಯಾರನ್ನು ಮಾರುತ್ತಿದ್ದರು ಎಂಬ ಪ್ರಶ್ನೆಯಲ್ಲಿ ನಾನು ಬ್ರಯನ್‌ನ ಪಕ್ಷ. ಯಾರಿಗಾಗಿ ಅಳಬೇಕು ಎಂಬ ಪ್ರಶ್ನೆಯಲ್ಲಿ ನನಗೆ ಪಕ್ಷವಿಲ್ಲ ಎಂದೆ. ಅವನಿಗೆ ಎಷ್ಟು ತಿಳಿಯಿತೋ! “ಹಾಗಾದರೆ ಆ ದುರ್ಯೋಧನನ ಕಥೆ ಹೇಳಿ” ಎಂದ. ಮನೆ ಮುಟ್ಟುವವರೆಗೆ ಹೇಳಿದೆ.

ಊರಿಗೆ ಬಂದ ಮೇಲೆ ನಾನು ಮಾಡಿದ ಮೊದಲ ಕೆಲಸವನ್ನು ಹೇಳಿ ಮುಗಿಸುತ್ತೇನೆ. ನಾನು ಕಲಿಸಿದ ಶಾಲೆಯಿಂದ ಎರಡು ಫರ್ಲಾಂಗ್ ದೂರದಲ್ಲಿ, ಹನುಮಪ್ಪನ ಗುಡಿಯ ಹಿಂದೆ, ಅರ್ಧ ಹೂತ ಒಂದು ವೀರಗಲ್ಲಿದೆ. ಕೆಳಗಿನ ಹಂತದಲ್ಲಿ ಕಾಳಗ, ನಡುವೆ ಅಪ್ಸರೆಯರು, ಮೇಲೆ ಲಿಂಗದ ಮುಂದೆ ಕೈಮುಗಿದು ಕುಳಿತ ವೀರ. ಅಕ್ಷರಗಳು ಸವೆದು ಹೋಗಿವೆ. ಜನ ಎಣ್ಣೆ ಹಚ್ಚಿ ದೇವರೆನ್ನುತ್ತಾರೆ. ರನ್ನನ ಕಾವ್ಯದಲ್ಲಿ ಹೆಸರಿಲ್ಲದ ಕಾಲಾಳಿಗೆ ಕನ್ನಡ ನಾಡು ಕೊಟ್ಟ ಅರ್ಧಚಂದ್ರದ ಸಾಲು ಈ ವೀರಗಲ್ಲುಗಳೇ. ಮೂವತ್ತಮೂರು ವರ್ಷ ನಾನು ಅದರ ಪಕ್ಕದಲ್ಲೇ ಸೈಕಲ್ ತುಳಿದು ಹೋಗಿ ಪಾಣಿಪತ್ತಿನ ಇಸವಿ ಬರೆಸಿದೆ. ಒಂದು ದಿನವೂ ಮಕ್ಕಳನ್ನು ಅಲ್ಲಿಗೆ ಕರೆದೊಯ್ಯಲಿಲ್ಲ. ಈಗಿನ ಶಿಕ್ಷಕರನ್ನು ಕೇಳಿಕೊಂಡು ಕಳೆದ ಶ್ರಾವಣದಲ್ಲಿ ಎಂಟನೆಯ ತರಗತಿಯವರನ್ನು ಕರೆದುಕೊಂಡು ಹೋದೆ. ಕಲ್ಲಿನ ಸುತ್ತಲಿನ ಮುಳ್ಳು ಕಡಿದು, ಮಣ್ಣು ತೆಗೆದು, ನೀರು ಹಾಕಿ ತೊಳೆದೆವು. ಆಗ ಒಬ್ಬ ಹುಡುಗಿ ಕೇಳಿದಳು: “ಸರ್, ಇವನ ಅವ್ವ ಆಮ್ಯಾಲ ಏನ್ ಮಾಡಿದಳ್ರಿ?”

ಆ ಪ್ರಶ್ನೆಗೆ ಯಾವ ಕಲ್ಲಿನಲ್ಲೂ ಉತ್ತರವಿಲ್ಲ. ಆದರೆ ಇತಿಹಾಸದ ಪಾಠ ಅಲ್ಲಿಂದಲೇ ಆರಂಭವಾಗಬೇಕಿತ್ತು. ಸಂಘದ ಸದಸ್ಯರೆಲ್ಲ ತಂತಮ್ಮ ಊರಿನ ಇಂಥ ಕಲ್ಲುಗಳ ಬಳಿ ಮಕ್ಕಳೊಡನೆ ಒಮ್ಮೆ ನಿಂತು ಬರಲಿ ಎಂಬುದು ಈ ನಿವೃತ್ತ ಮಾಸ್ತರನ ವಿನಂತಿ.